ಕಂಪೆನಿ ಪರವಾಗಿ ಯಜ್ಞೇಶಣ್ಣ

ದೋಹಾಕ್ಕೆ ಬಂದಿಳಿದ ಮೊದಲ ತಿಂಗಳು ಮೈಸೂರಿನ ಪ್ರಶಾಂತ, ಮಂಗಳೂರಿನ ಯಜ್ಞೇಶಣ್ಣನೇ ತನ್ನ ಕಂಪೆನಿಯ ಧಣಿ ಎಂದು ತಿಳಿದು, ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ತಪ್ಪು ಅವನದಲ್ಲ, "ನಾವು ನಿನ್ನೆ ಒಂದು ಕ್ರೇನ್ ತಗೊಂಡೆವು" ಎಂದು ಬದನೆಕಾಯಿ ತಂದಷ್ಟು ಸಲೀಸಾಗಿ ಹೇಳುವವರು ಬರೀ ಪರ್ಚೇಸರ್ ಎಂದು ಯಾರಿಗೆ ಗೊತ್ತಾಗಬೇಕು? ಆದರೆ ಕ್ರೇನ್ ಕೆಟ್ಟ ದಿನ ಆ "ನಾವು" ಮಾಯ. "ಮಾಲು ಕಂಪೆನಿಯದ್ದು, ಮಾತು ಕಂಪೆನಿಯದ್ದು, ನಾನು ಬರೀ ಕೈ ಮಾರಾಯ. ಖಲಾಸ್!" ಅವರ ಅಂಗಿ ಜೇಬಿನಲ್ಲಿ ಸದಾ ಕಂಪೆನಿಯ ಸೀಲು, ಸಹಿಯ ಮೇಲೆ ತಪ್ಪದೆ "ಕಂಪೆನಿ ಪರವಾಗಿ" ಎಂಬ ಒಕ್ಕಣೆ. ಆ ಎರಡು ಶಬ್ದ ಬಿಟ್ಟರೆ ಅಂಗಡಿಯವ ಕಂಪೆನಿಯನ್ನು ಬಿಟ್ಟು ನಮ್ಮ ಕುತ್ತಿಗೆ ಹಿಡಿಯುತ್ತಾನೆ ಎಂದು ಹೊಸಬರಿಗೆಲ್ಲ ಪಾಠ ಬೇರೆ. ಅಲ್ ಸದ್ದ್‌ನ ಒಂದು ಮನೆಯ ಹುಟ್ಟುಹಬ್ಬದಲ್ಲಿ ಪಾಯಸ ಹೇಗಿದೆ ಎಂದು ಕೇಳಿದವರಿಗೆ, "ಕಂಪೆನಿ ಪರವಾಗಿ ಫಸ್ಟ್ ಕ್ಲಾಸ್, ನನ್ನ ಸ್ವಂತಕ್ಕೆ ಬೆಲ್ಲ ಸಾಲದು" ಎಂದವರು ಅವರು. ಇಂಥವರ ಫೈಲಿನಲ್ಲಿ ಪ್ರಶಾಂತನಿಗೆ ಜುಲೈ ತಿಂಗಳ ಒಂದು ಆರ್ಡರು ಸಿಕ್ಕಿತು: ಕೆಲಸಗಾರರ ಕ್ಯಾಂಪಿಗೆ ಎಂಟು ಏಸಿ. ಸೀಲಿಲ್ಲ, "ಪರವಾಗಿ" ಇಲ್ಲ, ಇರುವುದು ಬರಿಯ ಯಜ್ಞೇಶ. ನಾಳೆ ದುಡ್ಡು ಬರಲಿಲ್ಲವೆಂದು ಅಂಗಡಿಯವ ಕೇಸು ಹಾಕಿದರೆ, ಇಲ್ಲಿನ ಕಾನೂನಿನಲ್ಲಿ ಬಾಕಿ ತೀರುವ ತನಕ ಈ ಮನುಷ್ಯ ಊರಿನ ವಿಮಾನ ಹತ್ತುವಂತಿಲ್ಲ. ಗಾಬರಿಯಾದ ಪ್ರಶಾಂತ, "ಅಣ್ಣಾ, ಇಲ್ಲಿ ಕಂಪೆನಿ ಹೆಸರು ಬರೆಯೋದು ಮರೆತುಬಿಟ್ರಾ?" ಎಂದು ಕೇಳಿದ. ಯಜ್ಞೇಶಣ್ಣ ತಲೆ ಎತ್ತಲಿಲ್ಲ. "ಮರೆಯಲಿಕ್ಕೆ ನನ್ನ ಮಂಡೆ ಕೆಟ್ಟಿದೆಯಾ? ಧಣಿ ಬೇಡ ಅಂದ್ರು. ಅಲ್ಲಿ ಜನ ಬೇಯ್ತಾ ಇದ್ರು."