ನನ್ನ ಕೆಲಸ ತಪ್ಪಿಸಿದ ಮೇಡಂ

ನಮ್ಮ ಮೇಡಂ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಖಾಕಿ ಅಂಗಿ ಹಾಕಿಕೊಳ್ಳುತ್ತಿದ್ದರು. ಕಟ್ಟಡ ಕೆಲಸದ ಹೆಂಗಸರು ಹಾಕಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಅದರ ಎರಡು ಜೇಬುಗಳ ತುಂಬ ಪೆನ್ನು, ಹಳೇ ಬಸ್ ಟಿಕೆಟ್ಟು, ಹುರಿಗಡಲೆ. ಪಾಠದ ನಡುವೆ ಕಡಲೆ ಬಾಯಿಗೆಸೆದುಕೊಂಡರೆ ಅದನ್ನು ಅಗಿದು ಮುಗಿಸುವವರೆಗೂ ವಾಕ್ಯ ಅರ್ಧಕ್ಕೇ ನಿಂತಿರುತ್ತಿತ್ತು. ಬರೆದುಕೊಳ್ಳಲು ಕಾದು ಕೂತಿದ್ದ ನಮಗೆ ಮೈ ಉರಿಯುತ್ತಿತ್ತು.

ನಾನು ಸಾಂಸ್ಕೃತಿಕ ಮಾನವಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದ ಕಾಲ ಅದು. ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾವಿದ್ದದ್ದು ಕ್ವಾರ್ಟರ್ಸ್‌ನಲ್ಲಿ. ಅಕ್ಕಪಕ್ಕದ ಮನೆಗಳ ಮಕ್ಕಳೆಲ್ಲ ಇಂಜಿನಿಯರಿಂಗು, ಡಿಪ್ಲೊಮಾ. ನನ್ನ ಓದು ಏನೆಂದು ಯಾರಾದರೂ ಕೇಳಿದರೆ ಅಮ್ಮ, "ಅದೇನೋ ಮನುಷ್ಯರ ಮೇಲೆ ಓದ್ತಾಳೆ ಕಣ್ರೀ" ಎಂದು ಮಾತು ಬದಲಿಸುತ್ತಿದ್ದಳು.

ಕೊನೆಯ ವರ್ಷದ ಪ್ರಬಂಧಕ್ಕೆ ನನಗೆ ಗೈಡ್ ಆಗಿ ಸಿಕ್ಕಿದ್ದು ಇದೇ ಮೇಡಂ. ನನಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕೆಂಬ ಆಸೆ. ಕಾಡಿನ ಹಾಡಿಗಳಲ್ಲಿ ಇರಬೇಕು, ಜೇನು ಕೀಳುವುದನ್ನು ನೋಡಬೇಕು. ಮೇಡಂ ಮುಖ ಎತ್ತದೆ ಹೇಳಿದರು: "ಕಾಡು ನೋಡ್ಬೇಕಾದ್ರೆ ಟ್ರೆಕ್ಕಿಂಗ್ ಹೋಗಮ್ಮ. ಪಟ್ಟಂದೂರು ಅಗ್ರಹಾರಕ್ಕೆ ಹೋಗಿ ಕೆಲಸ ಮಾಡು."

"ಮೇಡಂ, ಅಲ್ಲಿ ಐಟಿ ಪಾರ್ಕ್ ಬಿಟ್ರೆ ಏನಿದೆ?"

"ಅದನ್ನ ನೀನು ಬಂದು ನಂಗೆ ಹೇಳು."

ಜಾಲಹಳ್ಳಿಯಿಂದ ವೈಟ್‌ಫೀಲ್ಡ್ ಕಡೆಗೆ ಬಸ್ಸುಗಳನ್ನು ಬದಲಿಸಿ ಬದಲಿಸಿ ತಲುಪುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತಿತ್ತು. ನನ್ನ ಗೆಳತಿಯರು ಬೆಟ್ಟದಿಂದ ಫೋಟೋ ಕಳಿಸುತ್ತಿದ್ದರು. ನಾನು ಗಾಜಿನ ಕಟ್ಟಡಗಳ ಬೆನ್ನಿಗಿದ್ದ ವಠಾರಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದವರ ಬಾಗಿಲು ತಟ್ಟುತ್ತಿದ್ದೆ. ವಾಪಸ್ ಊರಿಗೆ ಹೋಗ್ತೀರಾ ಎಂದು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ, ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು: "ಮುಂದಿನ ವರ್ಷ ಊರಿಗೆ ಹೋಗಿಬಿಡ್ತೀವ್ರಿ." ಅದನ್ನೇ ನೀಟಾಗಿ ಬರೆದುಕೊಟ್ಟೆ. ಮೇಡಂ ಓದಿ, "ಬೋರಾಗಿದೆ" ಎಂದು ವಾಪಸ್ ಕೊಟ್ಟರು. ಏನು ತಿದ್ದಬೇಕೆಂದು ಹೇಳಲಿಲ್ಲ. ಕೇಳಿದರೆ, "ಗೊತ್ತಿದ್ರೆ ನಾನೇ ಬರೀತಿದ್ನಲ್ಲಾ" ಎಂದರು. ನಾನು ಶೌಚಾಲಯಕ್ಕೆ ಹೋಗಿ ಅತ್ತು ಬಂದೆ.

ಕೊನೆಗೊಂದು ಭಾನುವಾರ ತಾವೇ ಬರುತ್ತೇನೆಂದರು. ಐಟಿ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬಳು ತನ್ನ ರಜೆಯ ದಿನ ನನಗಾಗಿ ಬಿಡುವು ಮಾಡಿಕೊಂಡಿದ್ದಳು. ಬೆಳಿಗ್ಗೆ ಬರಬೇಕಿದ್ದ ಮೇಡಂ ಬಂದದ್ದು ಮಧ್ಯಾಹ್ನ. ಚಾಪೆಯ ಮೇಲೆ ಕೂತರು, ರೊಟ್ಟಿ ಪಲ್ಯ ಕೇಳಿ ಹಾಕಿಸಿಕೊಂಡು ತಿಂದರು, "ಚೂರು ಒರಗ್ತೀನಮ್ಮಾ" ಎಂದು ಅದೇ ಚಾಪೆಯ ಮೇಲೆ ಮಲಗಿಬಿಟ್ಟರು. ಗೊರಕೆ ಶುರುವಾಯಿತು. ಒಂದೇ ಕೋಣೆಯ ಮನೆ. ನನಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋಗಬಾರದೇ ಅನ್ನಿಸಿತು. ಮೇಡಂಗೆ ಎಚ್ಚರವಾದ ಮೇಲೆ ಮುಂದುವರಿಸೋಣ ಎಂದು ನಾನು ಪ್ರಶ್ನೆ ನಿಲ್ಲಿಸಿ ಗೋಡೆಗೊರಗಿ ಕೂತೆ. ಆ ಹೆಂಗಸು ಉಳಿದ ಹಿಟ್ಟು ನಾದಿ ರೊಟ್ಟಿ ತಟ್ಟತೊಡಗಿದಳು. ಅವಳ ಅತ್ತೆ ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಳು. ಸ್ವಲ್ಪ ಹೊತ್ತಿಗೆ ನಾನಿರುವುದನ್ನೇ ಇಬ್ಬರೂ ಮರೆತರು.

"ಊರಾಗ ಮನಿ ಹಾಳ್ ಬಿದ್ದದ. ದೀಪ ಹಚ್ಚೋರು ಯಾರದಾರ?" ಎಂದಳು ಅತ್ತೆ.

"ನೀ ಎಷ್ಟ್ ಬೈದ್ರೂ ನಾ ಬರಂಗಿಲ್ಲತ್ತಿ. ಮಗಳು ಇಲ್ಲೇ ಸಾಲಿ ಕಲೀಲಿ. ಅಲ್ಲಿಗಿ ಬಂದ್ರ ನಾಳಿಗೇ ಲಗ್ನಾ ಮಾಡ್ತೀರಿ."

"ಹಂಗಾರ ಬಂದವರ ಮುಂದೆಲ್ಲಾ ಊರಿಗಿ ಹೋಗ್ತೀವಿ ಅಂತ ಯಾಕ್ ಹೇಳ್ತಿ?"

ರೊಟ್ಟಿ ತಟ್ಟುವ ಸದ್ದು ನಿಂತಿತು. "ಮತ್ತೇನ್ ಹೇಳ್ಲಿ? ಹೋಗಂಗಿಲ್ಲ ಅಂದ್ರ ನನಗ ಅಳು ಬರ್ತದ."

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಡಂಗೆ ಅದನ್ನೆಲ್ಲ ಹೇಳಿದೆ. ನನ್ನ ಪ್ರಬಂಧ ಅಲ್ಲಿಂದ ಹೊಸದಾಗಿ ಶುರುವಾಯಿತು. ಇದಕ್ಕಾಗಿ ಬೇಕೆಂದೇ ಮಲಗಿದ್ದರೇನೋ ಎಂಬ ಅನುಮಾನದಿಂದ ಕೇಳಿಯೂಬಿಟ್ಟೆ.

"ಇಲ್ವೇ, ನಿದ್ದೆ ಬಂತು. ಬೆಳಗಿನ ಜಾವ ನೀರು ಬಂದಿತ್ತು, ಹಿಡಿದು ಸಾಕಾಗಿತ್ತು" ಎಂದರು. ಗುರುವಿನ ಉಪಾಯ ಎಂದು ಹೇಳಿಕೊಳ್ಳುವ ಸುಖವನ್ನೂ ನನಗೆ ಉಳಿಸಲಿಲ್ಲ.

ಎಂ.ಎ. ಮುಗಿಯುವ ಹೊತ್ತಿಗೆ ಅಪ್ಪನ ನಿವೃತ್ತಿ ಹತ್ತಿರವಾಗಿತ್ತು. ಕ್ವಾರ್ಟರ್ಸ್ ಬಿಡಬೇಕು. ಅಮ್ಮ ಬ್ಯಾಂಕ್ ಪರೀಕ್ಷೆಯ ಪುಸ್ತಕಗಳನ್ನು ತಂದು ನನ್ನ ದಿಂಬಿನ ಪಕ್ಕ ಇಡುತ್ತಿದ್ದಳು. ಅಷ್ಟರಲ್ಲಿ ವೈಟ್‌ಫೀಲ್ಡಿನ ಕಂಪನಿಯೊಂದು ನನ್ನನ್ನು ಸಂದರ್ಶನಕ್ಕೆ ಕರೆಯಿತು. ಬಡವರ ಮನೆಗಳಿಗೆ ಹೋಗಿ ಅವರು ಮೊಬೈಲನ್ನು ಹೇಗೆ ಬಳಸುತ್ತಾರೆಂದು ನೋಡಿ, ಫೋಟೋ ತೆಗೆದು ಬರುವ ಕೆಲಸ. ನನ್ನ ಓದಿಗೆ ಹೇಳಿ ಮಾಡಿಸಿದಂತಿತ್ತು. ಸಂದರ್ಶನ ಚೆನ್ನಾಗಾಯಿತು. "ನಿಮ್ಮ ಗೈಡ್ ಜೊತೆ ಒಂದು ಮಾತಾಡ್ತೀವಿ, ಅಷ್ಟೇ" ಎಂದರು. ಅಮ್ಮ ಅಂದೇ ಪಾಯಸ ಮಾಡಿದಳು.

ಕೆಲಸ ಬರಲಿಲ್ಲ. ಏನಾಯಿತೆಂದು ಮೇಡಂ ಅವರೇ ನನಗೆ ಫೋನ್ ಮಾಡಿ, ಬಸ್ಸು ತಪ್ಪಿಹೋಯಿತು ಎನ್ನುವ ಧಾಟಿಯಲ್ಲಿ ಹೇಳಿದರು. "ಹುಡುಗಿ ಒಳ್ಳೇ ಕೆಲಸಗಾರ್ತಿ ಅಂದೆ ಕಣೇ. ಆಮೇಲೆ, ಜನರ ಮನೆ ಒಳಗಿನ ಫೋಟೋ ತೆಗೀತೀರಲ್ಲಾ, ಅದನ್ನ ಏನ್ ಮಾಡ್ತೀರಿ ಅಂತ ಅವರಿಗೆ ಹೇಳ್ತೀರಾ ಅಂತ ಕೇಳ್ದೆ. ಹೇಳಲ್ಲ ಅಂದ್ರು. ಹಾಗಾದ್ರೆ ಇವಳನ್ನ ತಗೋಬೇಡಿ, ಇವಳು ಹೇಳಿಬಿಡ್ತಾಳೆ ಅಂದೆ."

ನಾನು ನೇರ ದಾಸರಹಳ್ಳಿಯ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕೂಗಾಡಿದೆ. "ನಿಮಗೆ ಪ್ರತಿ ತಿಂಗಳು ಸಂಬಳ ಬರುತ್ತೆ ಮೇಡಂ. ನಾವು ಮನೆ ಖಾಲಿ ಮಾಡ್ಬೇಕು. ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು?"

ಅವರು ಪೂರ್ತಿ ಕೇಳಿಸಿಕೊಂಡರು. "ನಿನ್ನ ಸಿಟ್ಟು ಸರಿಯಾಗೇ ಇದೆ. ಕಂಪನಿಯವರು ಇನ್ನೊಂದ್ಸಲ ಕೇಳಿದ್ರೂ ಅದನ್ನೇ ಹೇಳ್ತೀನಿ. ಚಿತ್ರಾನ್ನ ಇದೆ, ತಿಂತೀಯಾ?"

ತಿನ್ನಲಿಲ್ಲ. ಮೆಟ್ಟಿಲಿಳಿದು ಬಂದವಳು ಎಷ್ಟೋ ವಾರ ಅವರ ಫೋನು ಎತ್ತಲಿಲ್ಲ.

ಒಂದು ಭಾನುವಾರ ನೋಡಿದರೆ ನಮ್ಮ ಮನೆಯ ಹಾಲ್‌ನಲ್ಲಿ ಕೂತಿದ್ದಾರೆ. ಅಮ್ಮ ಕಾಫಿ ಕೊಟ್ಟು, "ಈ ಓದಿಗೆ ಕೆಲಸ ಸಿಗುತ್ತಾ ಮೇಡಂ, ನಿಜ ಹೇಳಿ" ಎಂದಳು.

"ಗೊತ್ತಿಲ್ಲ ಕಣ್ರೀ. ಆದ್ರೆ ಒಂದು ಕೆಲಸ ನಾನೇ ತಪ್ಪಿಸಿದೀನಿ. ಇನ್ನೊಂದು ಸಿಗೋವರೆಗೂ ಬರ್ತಿರ್ತೀನಿ."

ಬಂದರು, ಪ್ರತಿ ಭಾನುವಾರ, ಪ್ರತಿ ಸಲವೂ ತಡವಾಗಿ. ತಾವು ಸಂದರ್ಶಕಿಯಾಗಿ ಕೂತು, ಪಕ್ಕದಲ್ಲಿ ಅಪ್ಪನನ್ನೂ ಕೂರಿಸಿಕೊಂಡು ನನ್ನನ್ನು ಅಭ್ಯಾಸ ಮಾಡಿಸುತ್ತಿದ್ದರು. ನನ್ನ ಒಂದು ಉತ್ತರವೂ ಅವರಿಗೆ ಹಿಡಿಸುತ್ತಿರಲಿಲ್ಲ. ಆಕಳಿಸುತ್ತಿದ್ದರು. "ಬೇಕಂತ್ಲೇ ಆಕಳಿಸ್ತಿದೀನಿ, ಇಂಟರ್‌ವ್ಯೂ ಮಾಡೋರೂ ಆಕಳಿಸ್ತಾರೆ" ಎನ್ನುತ್ತಿದ್ದರು. ಅಪ್ಪ ಒಮ್ಮೆ ಗಂಭೀರವಾಗಿ, "ನಿಮ್ಮ ವೀಕ್‌ನೆಸ್ ಏನಮ್ಮಾ?" ಎಂದು ಕೇಳಿದರು. "ನಮ್ಮ ಮೇಡಂ ಸಾರ್" ಎಂದೆ. ಆ ದಿನ ಎಲ್ಲರಿಗಿಂತ ಹೆಚ್ಚು ನಕ್ಕಿದ್ದು ಮೇಡಂ. ನನಗೆ ನಗು ಬಂದಿರಲಿಲ್ಲ.

ಪೀಣ್ಯದ ಗಾರ್ಮೆಂಟ್ಸ್ ಹೆಂಗಸರ ಮಕ್ಕಳಿಗೆ ಶಿಶುವಿಹಾರ ನಡೆಸುವ ಸಂಸ್ಥೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ತಾಯಂದಿರು ಮಕ್ಕಳನ್ನು ಯಾಕೆ ತರುತ್ತಾರೆ, ಯಾಕೆ ನಿಲ್ಲಿಸಿಬಿಡುತ್ತಾರೆ ಎಂದು ಮನೆಗಳಿಗೆ ಹೋಗಿ ತಿಳಿದುಬರುವ ಕೆಲಸ. ವೈಟ್‌ಫೀಲ್ಡಿನವರು ಕೊಡುತ್ತಿದ್ದ ಸಂಬಳ ಇಲ್ಲಿರಲಿಲ್ಲ. ಆದರೂ ಅಬ್ಬಿಗೆರೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಸುದ್ದಿ ಕೇಳಿದ ಮೇಡಂ, "ಸರಿ, ಇನ್ನು ಭಾನುವಾರ ಮಲಗಬಹುದು" ಎಂದರು. ಅಭಿನಂದನೆ ಎಂಬ ಒಂದು ಪದ ಬಾಯಿಂದ ಬರಲಿಲ್ಲ.

ಕೆಲವು ವರ್ಷಗಳ ನಂತರ ಅವರ ತಂಗಿ ಫೋನ್ ಮಾಡಿದರು. ಮೇಡಂ ಹೋಗಿಬಿಟ್ಟಿದ್ದರು. ಬಹಳ ದಿನದಿಂದ ಕಾಯಿಲೆ ಇತ್ತಂತೆ. ಹಿಂದಿನ ವಾರವಷ್ಟೇ ನನ್ನ ವರದಿಯೊಂದಕ್ಕೆ ಫೋನಿನಲ್ಲಿ ಬೈದಿದ್ದರು, ಕಾಯಿಲೆಯ ಮಾತೇ ಎತ್ತಿರಲಿಲ್ಲ. ಜಗತ್ತಿನ ಜನರನ್ನೆಲ್ಲ ಕೂರಿಸಿಕೊಂಡು ಮಾತಾಡಿಸಿದವರು ತಮ್ಮದೊಂದು ಮಾತು ನಮಗೆ ಹೇಳಲಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬೊಬ್ಬರೇ ಎದ್ದು ಅವರು ತಾಳ್ಮೆಯ ಮೂರ್ತಿ, ಮೃದು ಸ್ವಭಾವದವರು, ಸಮಯಪಾಲನೆಗೆ ಮಾದರಿ ಎಂದರು. ಸಮಯಪಾಲನೆ ಎಂದಾಗ ನನಗೆ ಕೂರಲಾಗಲಿಲ್ಲ. ಎದ್ದು ನಿಂತು, ಅವರು ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವರಲ್ಲ ಎಂದೆ. ಯಾರದೋ ಮನೆಯಲ್ಲಿ ಗೊರಕೆ ಹೊಡೆದದ್ದನ್ನು, ನನ್ನ ಕೆಲಸ ತಪ್ಪಿಸಿದ್ದನ್ನು, ನನ್ನ ಮುಖದೆದುರು ಆಕಳಿಸಿದ್ದನ್ನು ಹೇಳುತ್ತಾ ಹೋದೆ. ಸಭೆ ಮೊದಲು ಬೆಚ್ಚಿತು, ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಕ್ಕು ನಕ್ಕು ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದರು.

"ಇಷ್ಟೊತ್ತು ಯಾರ ಸಭೆಗೆ ಬಂದಿದೀನೋ ಅನ್ನಿಸ್ತಿತ್ತಮ್ಮಾ. ಈಗ ನಮ್ಮಕ್ಕ ಬಂದ್ಲು."

ಜನರನ್ನು ಅವರು ಇದ್ದಂತೆ ಹೇಳುವುದನ್ನು ನನಗೆ ಕಲಿಸಿದವರು ಅವರು. ಅದರಿಂದಲೇ ನನ್ನ ಅನ್ನ ಹುಟ್ಟುತ್ತಿದೆ. ಇನ್ನೊಂದಷ್ಟು ವರ್ಷ ಇದ್ದಿದ್ದರೆ ಇನ್ನೊಂದಷ್ಟು ಜಗಳವಾಡಬಹುದಿತ್ತು. ಹೇಳದೆ ಹೋದರಲ್ಲ, ಆ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.