ಗಂಡಭೇರುಂಡದ ಇನ್ನೊಂದು ತಲೆ

ನಿನ್ನೆ ನಂಜನಗೂಡಿನ ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನ ಮೈಮೇಲೆ ಗಂಡಭೇರುಂಡ ಕಂಡಿತು. ಕೆಸರು ಸಿಡಿದು ಒಂದು ತಲೆ ಮುಚ್ಚಿಹೋಗಿತ್ತು.

ಆ ಹಕ್ಕಿಯನ್ನು ನೀವೂ ನೋಡಿರುತ್ತೀರಿ. ಒಂದೇ ಮೈ, ತಲೆಗಳು ಮಾತ್ರ ಮುನಿಸಿಕೊಂಡ ಹಾಗೆ ಒಂದು ಅತ್ತ, ಒಂದು ಇತ್ತ. ನಮ್ಮ ಮನೆಯಲ್ಲಿ ಅದು ಬರೀ ಸರ್ಕಾರದ ಲಾಂಛನವಾಗಿರಲಿಲ್ಲ, ಜಗಳದ ವಸ್ತುವಾಗಿತ್ತು. ಅಮ್ಮನ ತಾಯಿ ನಂಜನಗೂಡಿನವರು, ನಂಜುಂಡೇಶ್ವರನ ಒಕ್ಕಲು. ಅಪ್ಪನ ತಾಯಿ ನರಸೀಪುರದವರು, ಗುಂಜಾ ನರಸಿಂಹನ ಒಕ್ಕಲು. ಇಬ್ಬರೂ ಸೇರಿದರೆ, ಹಿರಣ್ಯಕಶಿಪುವನ್ನು ಬಗೆದ ಮೇಲೂ ನರಸಿಂಹನ ಸಿಟ್ಟು ಇಳಿಯದ ಕತೆ ಶುರುವಾಗುತ್ತಿತ್ತು.

ತೊಂಬತ್ತರ ದಶಕದ ಕೊನೆ, ನಾನು ಡಿಗ್ರಿ ಓದುತ್ತಿದ್ದೆ. ಇಬ್ಬರೊಂದಿಗೆ ಮಾಲಂಗಿಯಿಂದ ತಲಕಾಡಿಗೆ ಹರಿಗೋಲು ಹತ್ತಿದೆ. ಈಜು ಬಾರದಿದ್ದರೂ ಕಾಲೇಜಿನ ಗತ್ತು ನೋಡಿ, ಅಂಚಿನ ಮೇಲೇ ಕೂತಿದ್ದೆ. ನಡುಹೊಳೆಯಲ್ಲಿ ಕತೆ ಬಂತು.

“ನಿಮ್ ನರಸಿಂಹನ ಸಿಟ್ಟು ಇಳಿಸ್ದೋರು ಯಾರು ಯೋಳಿ ಬೀಗ್ತೀರೇ? ನಮ್ ನಂಜುಂಡಪ್ಪ, ಎಂಟ್ ಕಾಲಿನ ಶರಭ ಆಗಿ ಬಂದು!” ಎಂದರು ನಂಜನಗೂಡಿನ ಅಜ್ಜಿ.

“ಅಲ್ಲಿಗೇ ನಿಲ್ಲಿಸ್ಬುಟ್ರೆ ಎಂಗೆ? ಆಮೇಕೆ ನಮ್ಮಪ್ಪ ಗಂಡಭೇರುಂಡ ಆಗಿ, ನಿಮ್ ಶರಭನ್ನ ಈ ಕೊಕ್ಕಲ್ಲೊಂದ್ಸಲ, ಆ ಕೊಕ್ಕಲ್ಲೊಂದ್ಸಲ…” ನರಸೀಪುರದ ಅಜ್ಜಿ ಕುಕ್ಕಿ ತೋರಿಸಲು ಎದ್ದೇ ನಿಂತರು.

“ಕುಂತ್ಕಳವ್ವೋ!” ಎಂದು ಅಂಬಿಗ ಕೂಗುವಷ್ಟರಲ್ಲಿ ಹರಿಗೋಲು ವಾಲಿತು. ನಾನು ನೀರಿನಲ್ಲಿದ್ದೆ.

ಇವತ್ತಿಗೂ ತಲೆಯ ಮೇಲೆ ನೀರು ಸುರಿದುಕೊಂಡಾಗ ಆ ಕತ್ತಲೆ ಮರಳುತ್ತದೆ. ಮೂಗಿನೊಳಗೆ ಉರಿ, ಕಾಲ ಕೆಳಗೆ ಏನೂ ಇಲ್ಲ. ಹೇಗೋ ಮೇಲೆ ಬಂದಾಗ ನರಸೀಪುರದ ಅಜ್ಜಿ ಬಾಗಿ ನನ್ನ ಜಡೆ ಹಿಡಿದರು. ಇನ್ನೊಬ್ಬ ಅಜ್ಜಿಯೂ ನನ್ನತ್ತ ನುಗ್ಗಿದರು.

ಅಂಬಿಗ ಅರಚಿದ: “ಇಬ್ರೂ ಒಂದೇ ಕಡೀಕ್ ಬಂದ್ರೆ ಎಲ್ರೂ ಮುಳುಗ್ತೀವಿ! ನೀನು ಆ ಕಡೀಕ್ ವಾಲವ್ವ!”

ನಂಜನಗೂಡಿನ ಅಜ್ಜಿ ತಿರುಗಿದರು. ಬೀಗಿತ್ತಿ ನೀರಿಗೆ ಬೀಳದಂತೆ ಅವರ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ನನಗೆ ಬೆನ್ನು ಹಾಕಿ, ಆಚೆ ಅಂಚಿನ ಮೇಲೆ ಮೈಯ ಭಾರವನ್ನೆಲ್ಲ ಹಾಕಿದರು. ಅವರಿಗೆ ಕಾಣುತ್ತಿದ್ದುದು ಬರೀ ಹೊಳೆ.

“ಕೂಸು ಸಿಕ್ತಾ? ಯೋಳ್ರವ್ವ, ಕೂಸು ಸಿಕ್ತಾ?”

ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಉಸಿರಿರಲಿಲ್ಲ. ಅವರು ಕೂಗುತ್ತಲೇ ಇದ್ದರು. ಆದರೂ ಒಮ್ಮೆಯೂ ತಿರುಗಿ ನೋಡಲಿಲ್ಲ.

ದಡದ ಮರಳಲ್ಲಿ ನಾನು ನೀರು ಕಕ್ಕುತ್ತಿದ್ದಾಗ ಕಾಪಾಡಿದ ದೇವರು ಯಾರೆಂಬ ಮಾತೇ ಬರಲಿಲ್ಲ. “ಸೆರಗು ಅರಿದ್ಬುಟ್ರಲ್ಲ ಬೀಗ್ತೀರೇ,” ಎಂದಷ್ಟೇ ನರಸೀಪುರದ ಅಜ್ಜಿ ಅಳುತ್ತ ಅಂದರು.

ಇಬ್ಬರೂ ಈಗಿಲ್ಲ. ನಿನ್ನೆ ನನ್ನ ಸೆರಗಿನ ತುದಿಯಿಂದ ಬಸ್ಸಿನ ಮೇಲಿನ ಹಕ್ಕಿಯ ತಲೆಗೆ ಮೆತ್ತಿದ್ದ ಕೆಸರು ಒರೆಸಿದೆ. ಕಂಡಕ್ಟರ್ ವಿಚಿತ್ರವಾಗಿ ನೋಡಿದ. ಆಚೆಗೆ ಮುಖ ಮಾಡಿದ್ದ ಆ ತಲೆಗೆ ಮೆಲ್ಲಗೆ ಹೇಳಿದೆ:

“ಸಿಕ್ತು ಕಣಜ್ಜಿ.”