ಹಿತ್ತಿಲಲ್ಲಿ ಐಸ್ ಜೊತೆ ಆಡಿದ ಮಧ್ಯಾಹ್ನಗಳು

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ನನಗೆ ಹದಿನೇಳು. ಮದುವೆಯಾಗಿ ಅಗ್ರಹಾರದ ಮನೆಗೆ ಬಂದು ಆರು ತಿಂಗಳಾಗಿತ್ತು. ನಮ್ಮ ಯಜಮಾನರು ದಾವಣಗೆರೆಯ ಗಿರಣಿಯೊಂದರಲ್ಲಿ ಗುಮಾಸ್ತರು. ಅಲ್ಲಿ ಮನೆ ಸಿಗುವ ತನಕ ನಾನು ಅತ್ತೆಯ ಹತ್ತಿರವೇ ಇರಬೇಕು ಅಂತ ಹಿರಿಯರು ತೀರ್ಮಾನಿಸಿದ್ದರು. ನೀರು ಸೇದಿದೆಯಾ, ಒಲೆ ಹಚ್ಚಿದೆಯಾ ಅನ್ನುವುದು ಬಿಟ್ಟರೆ ಆ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೆಟ್ಟವರಲ್ಲ, ಅವರ ಪಾಡಿಗೆ ಅವರು.

ಆಗ ನನ್ನ ಓರಗಿತ್ತಿಗೆ, ಅಂದರೆ ಭಾವನವರ ಹೆಂಡತಿಗೆ, ಟೈಫಾಯ್ಡ್ ಬಂತು. ಮಗುವನ್ನು ಹತ್ತಿರ ಬಿಡಬೇಡಿ ಅಂದರು ಡಾಕ್ಟರು. ಒಂದೂವರೆ ವರ್ಷದ ಹೆಣ್ಣು ಕೂಸು, ಇನ್ನೂ ತಾಯಿಯ ಹಾಲು ಬಿಟ್ಟಿರಲಿಲ್ಲ. ಅತ್ತೆ ರೋಗಿಯ ಕೋಣೆ ಸೇರಿದರು. ಮಗು ನನ್ನ ಪಾಲಿಗೆ ಬಂತು.

ಮೂರು ದಿನ ಅದು ಅತ್ತದ್ದೇ ಅತ್ತದ್ದು. ಮುಚ್ಚಿದ ಬಾಗಿಲ ಹತ್ತಿರ ಹೋಗಿ ಕೈಯಿಂದ ಬಡಿಯುತ್ತಿತ್ತು. ನಾನು ಎತ್ತಿಕೊಂಡು ಹಿತ್ತಿಲಿಗೆ ಬಂದರೆ ಬೆನ್ನು ಬಿಲ್ಲು ಮಾಡಿ ಜಾರಿಕೊಳ್ಳುತ್ತಿತ್ತು. ಅದರ ಜೊತೆ ನಾನೂ ಅತ್ತಿದ್ದೇನೆ.

ಓರಗಿತ್ತಿಯ ತಲೆಗೆ ಇಡುವ ರಬ್ಬರ್ ಚೀಲಕ್ಕೆ ಅಂತ ಭಾವನವರು ದಿನಾ ಸೈಕಲ್ಲಿನಲ್ಲಿ ಮಂಡಿ ಮೊಹಲ್ಲಾಕ್ಕೆ ಹೋಗಿ ಐಸ್ ತರುತ್ತಿದ್ದರು. ಮರದ ಹೊಟ್ಟು ಹಾಕಿ ಗೋಣಿತಾಟಿನಲ್ಲಿ ಸುತ್ತಿದ ಗಡ್ಡೆ. ನಾಲ್ಕನೆಯ ದಿನ ಅದನ್ನು ಒಡೆದು ಕೊಟ್ಟ ಮೇಲೆ ಒಂದಿಷ್ಟು ಚೂರು ಉಳಿಯಿತು. ತೊಳೆದು ಹಿತ್ತಾಳೆ ತಟ್ಟೆಗೆ ಹಾಕಿ ಮಗುವಿನ ಮುಂದಿಟ್ಟೆ. ಮುಟ್ಟಿತು, ಸರಕ್ಕನೆ ಕೈ ಹಿಂದೆಳೆದುಕೊಂಡಿತು. ತನ್ನ ಬೆರಳನ್ನೊಮ್ಮೆ ನೋಡಿತು, ನನ್ನನ್ನೊಮ್ಮೆ ನೋಡಿತು. ಮತ್ತೆ ಮುಟ್ಟಿತು. ಅಳು ನಿಂತಿತ್ತು.

ಆಮೇಲೆ ದಿನಾ ಮಧ್ಯಾಹ್ನ ಅದೇ ಆಟ. ಚೂರಿನ ಮೇಲೆ ಚಿಟಿಕೆ ಅರಿಶಿನ ಉದುರಿಸಿದರೆ ಹಳದಿ ನೀರು ಹರಿಯುತ್ತಿತ್ತು, ಮಗು ಅದರಲ್ಲಿ ಅಂಗೈ ಅದ್ದಿ ಗೋಡೆಗೆ ಬಡಿಯುತ್ತಿತ್ತು. ಒಂದು ದಿನ ರಾಗಿ ಕಾಳು ಅಂಟಿಸಿ ಕೊಟ್ಟೆ, ಒಂದೊಂದಾಗಿ ಕಿತ್ತಿತು. ಲೋಟಕ್ಕೆ ಹಾಕಿ ಅಲ್ಲಾಡಿಸಿದರೆ ಬರುವ ಸದ್ದಿಗೆ ನಗುತ್ತಿತ್ತು. ಬಾಯಿಗಿಟ್ಟುಕೊಳ್ಳದಂತೆ ಕಾಯುವುದು ನನ್ನ ಕೆಲಸ. ಚೂರು ಕರಗಿಹೋದರೆ ತಟ್ಟೆ ಎತ್ತಿ ಅಡಿಯಲ್ಲಿ ಹುಡುಕುತ್ತಿತ್ತು.

"ನೀರಾಗೋಯ್ತು ಕಣಮ್ಮ. ನಾಳೆ ಬರುತ್ತೆ," ಅನ್ನುತ್ತಿದ್ದೆ.

ಆ ಮನೆಗೆ ಬಂದ ಮೇಲೆ ನಾನು ಅಷ್ಟು ಮಾತಾಡಿದ್ದು ಆ ಮಗುವಿನ ಜೊತೆಯೇ. ತವರಿನ ಬಾವಿ, ತಂಗಿ, ಓದು ಬಿಡಿಸಿದ್ದು, ಎಲ್ಲ ಹೇಳಿದೆ. ಅದಕ್ಕೇನು ತಿಳಿಯುತ್ತಿತ್ತು? ಆದರೂ ಮುಖ ನೋಡುತ್ತಿತ್ತು. ನನ್ನನ್ನು 'ಚಿಮ್ಮ' ಅಂತ ಕರೆಯುವುದನ್ನೂ ಕಲಿಯಿತು.

ಇಪ್ಪತ್ತಮೂರನೆಯ ದಿನ ಜ್ವರ ಇಳಿಯಿತು. ಆಮೇಲೊಂದು ವಾರ ಕಳೆದು ಡಾಕ್ಟರು ಒಪ್ಪಿದ ಮೇಲೆ ಅತ್ತೆ ಮಗುವನ್ನು ಒಳಗೆ ಕರೆಸಿದರು. ಕೂದಲು ಉದುರಿ, ಮೂಳೆ ಚಕ್ಕಳವಾಗಿದ್ದ ತಾಯಿಯ ಗುರುತು ಅದಕ್ಕೆ ಸಿಗಲಿಲ್ಲ. ನನ್ನ ಸೆರಗು ಹಿಡಿದು ಹಿಂದೆ ಅವಿತುಕೊಂಡಿತು. ಓರಗಿತ್ತಿ ಸದ್ದಿಲ್ಲದೆ ಅತ್ತರು. ನನಗೆ ಒಳಗೊಳಗೇ ಸಂತೋಷವಾಯಿತು. ಅದಕ್ಕೆ ಇವತ್ತಿಗೂ ನಾಚಿಕೆಯಿದೆ. ಬೆರಳು ಬಿಡಿಸಿ, ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ ಹೊರಗೆ ಬಂದೆ.

ಆ ಅಳುಕು ಎರಡೇ ದಿನ. ಮೂರನೆಯ ದಿನ ಅದು ತಾಯಿಯ ಮಡಿಲು ಬಿಟ್ಟು ಏಳಲಿಲ್ಲ. ಇಷ್ಟು ದಿನ ಅದನ್ನು ಹೇಗೆ ಸುಧಾರಿಸಿದೆ ಅಂತ ಓರಗಿತ್ತಿ ಕೇಳಿದರು. ಹೇಳುವುದು ಎಷ್ಟೋ ಇತ್ತು.

"ಸುಮ್ಮನೆ ಆಡ್ಕೊಂಡಿದ್ಲು ಅಕ್ಕ," ಅಂದೆ.

ಆ ವಾರ ಯಜಮಾನರಿಗೆ ಕಾಗದ ಬರೆದೆ. ಒಂದೇ ಕೋಣೆಯಾದರೂ ಸರಿ, ಬೇಗ ನೋಡಿ ಅಂತ. ಮೂರು ತಿಂಗಳಿಗೆ ಸಿಕ್ಕಿತು. ಜಟಕಾ ಹತ್ತುವಾಗ ಮಗು ತಾಯಿಯ ಸೊಂಟದ ಮೇಲಿತ್ತು. ಟಾಟಾ ಮಾಡು ಅಂತ ಅವರು ಅದರ ಕೈ ಹಿಡಿದು ಆಡಿಸಿದರು. ಅದು ಕುದುರೆಯನ್ನೇ ನೋಡುತ್ತಿತ್ತು.